ಮಳೆಗಾಲದ ಬೈಕು ಮತ್ತು ತೇವದ ತಂತಿಗಳು

ಆಷಾಢದ ಮಳೆ ಬಿಡುವಿಲ್ಲದೆ ಸುರಿಯುವ ಆಗುಂಬೆಯ ಘಟ್ಟದಲ್ಲಿ ನಿತ್ಯ ಸಂಚರಿಸುವ ಮೋಟಾರು ಸೈಕಲ್ಲಿಗೆ, ಮೇಲಿಂದ ಬೀಳುವ ನೀರಿಗಿಂತಲೂ, ತಂತಿಗಳ ಜೋಡಣೆಯೊಳಗೆ ಸೇರಿ ಹೊರಬರಲಾರದೆ ಉಳಿಯುವ ತೇವವೇ ಹೆಚ್ಚು ಅಪಾಯಕಾರಿ. ಹೆಡ್‌ಲೈಟಿನ ಹಿಂಬದಿಯ ಕನೆಕ್ಟರೊಂದನ್ನು ಬಿಡಿಸಿ ನೋಡಿರಿ: ತಾಮ್ರದ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ, ಅಲ್ಲಿ ಪ್ರತಿರೋಧವು ಹೆಚ್ಚಿ, ಜೋಡಣೆಯು ಬಿಸಿಯೇರಿ, ದೀಪವು ಮಂಕಾಗುತ್ತದೆ.

ಮೊದಲು ಬ್ಯಾಟರಿಯ ಋಣಾಗ್ರವನ್ನು ಕಳಚಿ, ಕಾಂಟ್ಯಾಕ್ಟ್ ಕ್ಲೀನರಿನಿಂದ ಕಿಲುಬನ್ನು ತೊಳೆದು, ಪೂರ್ತಿ ಒಣಗಿದ ತರುವಾಯ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳುವಾಗಿ ಸವರಿ ಕೂಡಿಸತಕ್ಕದ್ದು. ಸಿಲಿಕೋನಿನ ಈ ಗ್ರೀಸು ಸ್ವತಃ ವಿದ್ಯುದ್ವಾಹಕವಲ್ಲವಾದರೂ, ಪಿನ್ನುಗಳು ಒತ್ತಿ ಕೂಡುವೆಡೆ ತಾನೇ ಸರಿದು ಲೋಹಕ್ಕೆ ಲೋಹ ತಾಗಲು ಎಡೆಗೊಟ್ಟು, ಸುತ್ತಲಿನ ಸಂದುಗಳನ್ನು ತುಂಬಿ ತೇವವನ್ನು ತಡೆಯುತ್ತದೆ. ಸ್ಪಾರ್ಕ್ ಪ್ಲಗ್ಗಿನ ರಬ್ಬರು ಕ್ಯಾಪಿನ ಒಳಅಂಚಿಗೂ ಇದು ಸಲ್ಲುತ್ತದೆ. ಸಾವಿರಾರು ವೋಲ್ಟಿನ ವಿದ್ಯುತ್ತು ಅಲ್ಲಿ ತೇವದ ಜಾಡು ಹಿಡಿದು ಸೋರಿದರೆ ಎಂಜಿನ್ನು ಮುಗ್ಗರಿಸದೆ ಇರಲಾರದು.

ಎಲ್ಲವನ್ನೂ ಟೇಪಿನಿಂದ ಬಿಗಿದು ಸುತ್ತುವ ರೂಢಿಯು ನನಗೆ ಸಮ್ಮತವಲ್ಲ. ಒಳಹೊಕ್ಕ ನೀರಿಗೆ ಅದು ಹೊರದಾರಿಯನ್ನೇ ಮುಚ್ಚುತ್ತದೆ. ತಂತಿಯು ಕನೆಕ್ಟರನ್ನು ಸೇರುವ ಮುನ್ನ ಕೊಂಚ ಕೆಳಗೆ ಬಾಗಿ ಮೇಲೇರುವಂತೆ ಕಟ್ಟಿದರೆ, ಹನಿಯು ಆ ಬಾಗಿನಲ್ಲಿಯೇ ಉದುರಿಹೋಗುತ್ತದೆ. ವಾಟರ್ ಸರ್ವಿಸಿಗೆ ಬಿಟ್ಟಾಗ, ರಭಸದ ನೀರನ್ನು ಹ್ಯಾಂಡಲಿನ ಸ್ವಿಚ್ಚುಗಳ ಮೇಲೆ ನೇರವಾಗಿ ಹಾಯಿಸದಂತೆ ತಪ್ಪದೆ ಹೇಳಿರಿ.