ಮಾಲ್ಗುಡಿಗೆ ಹೋಗುವುದು ಹೇಗೆ?

ಪ್ರಶ್ನೆ: ಆರ್.ಕೆ. ನಾರಾಯಣರ ಮಾಲ್ಗುಡಿಯನ್ನು ನೋಡುವುದು ನನ್ನ ಬಹುದಿನದ ಕನಸು. ಎಲ್ಲಿಗೆ ಹೋಗಬೇಕು?

ಉತ್ತರ: 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಹುಟ್ಟಿದ ಈ ಊರು ಯಾವ ಭೂಪಟದಲ್ಲೂ ಇಲ್ಲ. ಆದರೂ ಖಂಡಿತ ಹೊರಡಿ. ಮೊದಲು ಮೈಸೂರಿನ ಯಾದವಗಿರಿ. ನಾರಾಯಣರು ಕಟ್ಟಿಸಿ ಬಾಳಿದ ಮನೆ ಈಗ ವಸ್ತುಸಂಗ್ರಹಾಲಯ. ಮಹಡಿಯಲ್ಲಿ, ಸಾಲು ಕಿಟಕಿಗಳ ಬೆಳಕು ತುಂಬುವ ಅವರ ಕೋಣೆಯಿದೆ. ಅಲ್ಲಿ ಅವಸರ ಮಾಡಬೇಡಿ. ನನಗಂತೂ ನಿಜವಾದ ಮಾಲ್ಗುಡಿ ಅದೇ. ಆಮೇಲೆ ಆಗುಂಬೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ದೊಡ್ಡಮನೆಯನ್ನು ಧಾರಾವಾಹಿ ನೋಡಿದವರು ಕಂಡಕೂಡಲೇ ಗುರುತಿಸುತ್ತಾರೆ. ರೈಲು ನಿಲ್ದಾಣದ ದೃಶ್ಯಗಳು ಶಿವಮೊಗ್ಗ ಜಿಲ್ಲೆಯ ಅರಸಾಳಿನವು. ಅಲ್ಲಿನ ಹಳೆಯ ಕಟ್ಟಡ ಇಂದು ಮಾಲ್ಗುಡಿ ಮ್ಯೂಸಿಯಂ. ಮುಂಗಾರಿನಲ್ಲಿ ಆಗುಂಬೆಯ ಮಳೆ ಬಿಡುವು ಕೊಡುವುದಿಲ್ಲ, ಚಳಿಗಾಲಕ್ಕೆ ಹೋಗಿ.