ಬಿಸಿಯಾದ ಡಬ್ಬಿಯೇ ಕೂಗುವುದು

ಬೆಂಗಳೂರಿನ ಲಗ್ಗೆರೆಯಲ್ಲಿ ಹಗಲು ಹೊತ್ತು ಕಂಪ್ಯೂಟರ್ ಸದ್ದು ಮಾಡುತ್ತಿದೆ ಎಂದು ಯಾರೂ ದೂರುವುದಿಲ್ಲ. ಒಂದು ಕಡೆ ರಿಂಗ್ ರೋಡು, ಇನ್ನೊಂದು ಕಡೆ ಪೀಣ್ಯ. ನಡುವೆ ಮನೆಗಳ ಕೆಳಗೇ ಲೇತು, ಮಿಲ್ಲಿಂಗು, ಗಾರ್ಮೆಂಟ್ಸ್‌ನ ಹೊಲಿಗೆ ಯಂತ್ರಗಳು. ರಾತ್ರಿ ಹತ್ತು ದಾಟಿದ ಮೇಲೆ ಮಾತು ಬೇರೆ. ಒಂದೇ ರೂಮಿನ ಬಾಡಿಗೆ ಮನೆಯಲ್ಲಿ ಮಕ್ಕಳು ಮಲಗಿರುತ್ತಾರೆ, ಮೂಲೆಯ ಮೇಜಿನ ಮುಂದೆ ಯಾರೋ ಒಬ್ಬರು ಜಾಬ್‌ವರ್ಕ್ ಡ್ರಾಯಿಂಗನ್ನೋ ಲಗ್ನಪತ್ರಿಕೆಯ ಡಿಟಿಪಿಯನ್ನೋ ಮುಗಿಸುತ್ತಿರುತ್ತಾರೆ. ಆಗ ಕ್ಯಾಬಿನೆಟ್ಟಿನ ಹಿಂಬದಿಯಿಂದ ಬರುವ ಭೋರೆಂಬ ಸದ್ದು ರೂಮೆಲ್ಲ ತುಂಬಿಕೊಳ್ಳುತ್ತದೆ. ಪ್ರೊಸೆಸರಿನ ಫ್ಯಾನು ಹಾಳಾಗಿದೆ ಎಂದುಕೊಳ್ಳುವವರೇ ಹೆಚ್ಚು. ಬಹಳ ಸಲ ಕೂಗುತ್ತಿರುವುದು ಗೋಡೆಯ ಕರೆಂಟನ್ನು ಯಂತ್ರಕ್ಕೆ ಹದಮಾಡಿ ಕೊಡುವ ಡಬ್ಬಿ, ಎಸ್‌ಎಂಪಿಎಸ್.

ಕಂಪ್ಯೂಟರ್ ಕೊಳ್ಳುವಾಗ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಎಂದು ವಾದಿಸುವ ನಾವು ಈ ಡಬ್ಬಿಯ ಬಗ್ಗೆ ಕೇಳುವುದೇ ಇಲ್ಲ. ಅಂಗಡಿಯವರು ‘ಕ್ಯಾಬಿನೆಟ್ ಜೊತೆಗೇ ಬರುತ್ತೆ ಸಾರ್’ ಎನ್ನುತ್ತಾರೆ, ನಾವು ತಲೆಯಾಡಿಸುತ್ತೇವೆ. ಯಂತ್ರದೊಳಕ್ಕೆ ಹೋಗುವ ಕರೆಂಟಿನ ಪ್ರತಿ ಹನಿಯೂ ಇದರ ಮೂಲಕವೇ ಹಾಯಬೇಕು. ಹಾಯುವಾಗ ಎಷ್ಟು ಕರೆಂಟು ಶಾಖವಾಗಿ ಕಳೆದುಹೋಗುತ್ತದೆ ಎಂಬುದರ ಮೇಲೆ ಬಿಲ್ಲೂ ನಿಂತಿದೆ, ಸದ್ದೂ ನಿಂತಿದೆ. ಫ್ಯಾನಿಗೆ ತಾನಾಗಿ ತಿರುಗುವ ಚಟವೇನಿಲ್ಲ. ಬಿಸಿ ಇದ್ದರಷ್ಟೇ ಅದಕ್ಕೆ ಕೆಲಸ.

ಒಳಗೆ ನಡೆಯುವುದೇನು? ಗೋಡೆಯಿಂದ ಬರುವುದು ಸೆಕೆಂಡಿಗೆ 100 ಸಲ ದಿಕ್ಕು ತಿರುಗಿಸುವ 230 ವೋಲ್ಟ್ ಎಸಿ. ಕಂಪ್ಯೂಟರಿಗೆ ಬೇಕಾದದ್ದು 12, 5 ಮತ್ತು 3.3 ವೋಲ್ಟ್‌ಗಳ ಅಲುಗಾಡದ ಡಿಸಿ. ಹಳೆಯ ದಾರಿಯೆಂದರೆ ದೊಡ್ಡ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಇಳಿಸುವುದು. ಮೈಸೂರು ರಸ್ತೆಯ ಕವಿಕಾ ಕಾರ್ಖಾನೆ 1930ರ ದಶಕದಿಂದ ತಯಾರಿಸಿಕೊಂಡು ಬಂದಿರುವ ಟ್ರಾನ್ಸ್‌ಫಾರ್ಮರುಗಳು ಇದೇ ತತ್ತ್ವದವು, ಬೀದಿ ಕಂಬಕ್ಕೇರುವ ಗಾತ್ರದಲ್ಲಿ. ಇದೇ ದಾರಿ ಹಿಡಿದರೆ ಕಂಪ್ಯೂಟರಿಗೆ ಬೇಕಾದ 300 ವ್ಯಾಟ್‌ಗೂ ಮೂರು–ನಾಲ್ಕು ಕಿಲೋ ಕಬ್ಬಿಣ, ತಾಮ್ರ ಬೇಕಾದೀತು. ಎಸ್‌ಎಂಪಿಎಸ್ ಮಾಡುವ ಉಪಾಯ ಬೇರೆ. ಮೊದಲು 230 ವೋಲ್ಟ್ ಎಸಿಯನ್ನು ಡಿಸಿ ಮಾಡಿ, ಒಳ್ಳೆಯ ಡಬ್ಬಿಗಳಲ್ಲಿ ಅದನ್ನು 380–400 ವೋಲ್ಟ್‌ಗೆ ಏರಿಸಿ, ಒಂದು ದಪ್ಪ ಕೆಪಾಸಿಟರಿನಲ್ಲಿ ತುಂಬಿಸಿಡುತ್ತದೆ. ಆಮೇಲೆ ಟ್ರಾನ್ಸಿಸ್ಟರುಗಳು ಆ ಡಿಸಿಯನ್ನು ಸೆಕೆಂಡಿಗೆ ಹತ್ತಾರು ಸಾವಿರ, ಕೆಲವೊಮ್ಮೆ ಲಕ್ಷಕ್ಕೂ ಮೀರಿದ ತುಣುಕುಗಳಾಗಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತವೆ. ತೊಟ್ಟಿಯ ನೀರನ್ನು ಕೊಡದಲ್ಲಿ ನಿಧಾನವಾಗಿ ಹೊತ್ತರೂ ಒಂದೇ, ಚೊಂಬಿನಲ್ಲಿ ಸರಸರನೆ ಮೊಗೆದು ಹಾಕಿದರೂ ಒಂದೇ. ಪ್ರತಿ ಸಲ ಹೊರುವುದು ಕಡಿಮೆಯಾದ್ದರಿಂದ ಟ್ರಾನ್ಸ್‌ಫಾರ್ಮರ್ ಅಂಗೈಯಲ್ಲಿ ಅಡಗುವಷ್ಟು ಕುಗ್ಗುತ್ತದೆ.

ಉಪಾಯ ಹೊಸದೇನಲ್ಲ. 1977ರ ಆ್ಯಪಲ್ 2 ಯಂತ್ರಕ್ಕೆ ಎಂಜಿನಿಯರ್ ರಾಡ್ ಹೋಲ್ಟ್ ಇಂಥದೇ ಸಪ್ಲೈ ವಿನ್ಯಾಸ ಮಾಡಿದರು. 1981ರ ಮೊದಲ ಐಬಿಎಂ ಪಿಸಿಯ ಎಸ್‌ಎಂಪಿಎಸ್ ಬರೀ 63.5 ವ್ಯಾಟ್‌ನದು. ಈ ವಿದ್ಯೆಯನ್ನು ಲೆಕ್ಕ ಸಮೇತ ಕಲಿಯಬೇಕೆನ್ನುವ ಎಂಜಿನಿಯರಿಂಗ್ ಮಕ್ಕಳು ದೂರ ಹುಡುಕಬೇಕಿಲ್ಲ. ನಮ್ಮ ಐಐಎಸ್ಸಿಯ ವಿ. ರಾಮನಾರಾಯಣನ್ ಅವರ ಪಾಠದ ಟಿಪ್ಪಣಿಗಳು ದೇಶದುದ್ದಕ್ಕೂ ಓಡಾಡಿವೆ.

ಕಳೆದುಹೋಗುವ ಕರೆಂಟು ಕಳೆಯುವುದು ಮುಖ್ಯವಾಗಿ ಎರಡು ಕಡೆ. ಟ್ರಾನ್ಸಿಸ್ಟರ್ ಆನ್‌ನಿಂದ ಆಫ್‌ಗೆ ಹೊರಳುವ ಕ್ಷಣಾರ್ಧದಲ್ಲಿ ಅದರ ಮೇಲೆ ವೋಲ್ಟೇಜೂ ಇರುತ್ತದೆ, ಒಳಗೆ ಕರೆಂಟೂ ಹರಿಯುತ್ತಿರುತ್ತದೆ. ಎರಡರ ಗುಣಲಬ್ಧವೇ ಶಾಖ. ಇನ್ನೊಂದು ಕೊನೆಯ ಹಂತದ ಡಯೋಡುಗಳಲ್ಲಿ. 5 ವೋಲ್ಟ್ ಕೊಡುವ ದಾರಿಯಲ್ಲಿ ಡಯೋಡು ಅರ್ಧ ವೋಲ್ಟ್ ನುಂಗಿದರೆ ಅಲ್ಲಿಗೆ ಹತ್ತರಲ್ಲೊಂದು ಪಾಲು ಹೋಯಿತು. ಅಗ್ಗದ ಡಬ್ಬಿಯಲ್ಲಿ ಇದೆಲ್ಲ ನಡೆದೇ ಇರುತ್ತದೆ. ದುಬಾರಿ ಡಬ್ಬಿಯಲ್ಲಿ ವೋಲ್ಟೇಜ್ ಸೊನ್ನೆಗಿಳಿದ ಗಳಿಗೆಯನ್ನೇ ಕಾದು ಸ್ವಿಚ್ ಮಾಡುವ ಎಲ್‌ಎಲ್‌ಸಿ ಎಂಬ ಜೋಡಣೆ ಇರುತ್ತದೆ, ಡಯೋಡಿನ ಜಾಗದಲ್ಲಿ ಹೆಚ್ಚೇನೂ ನುಂಗದ ಒಂದು ಬಗೆಯ ಟ್ರಾನ್ಸಿಸ್ಟರುಗಳು, ಅಂದರೆ ಮಾಸ್‌ಫೆಟ್‌ಗಳಿರುತ್ತವೆ. ನೀವು ಕೊಡುವ ಹೆಚ್ಚಿನ ದುಡ್ಡು ಹೋಗುವುದು ಇಲ್ಲಿಗೆ. ಇಲ್ಲಿಗೆ ಹೋಗದೆ ಬಣ್ಣದ ದೀಪಗಳಿಗೆ ಹೋಗಿದ್ದರೆ ಆ ಡಬ್ಬಿ ಬೇಡ.

ಲೆಕ್ಕ ನೋಡಿ. ಕಂಪ್ಯೂಟರ್ 300 ವ್ಯಾಟ್ ಕೇಳುತ್ತಿದೆ ಎನ್ನಿ. ದಕ್ಷತೆ ಶೇ 80 ಇದ್ದರೆ ಗೋಡೆಯಿಂದ 375 ವ್ಯಾಟ್ ಎಳೆಯಬೇಕು. ಉಳಿದ 75 ವ್ಯಾಟ್ ಆ ಪುಟ್ಟ ಡಬ್ಬಿಯೊಳಗೇ ಬಿಸಿಯಾಗುತ್ತದೆ. ಶೇ 90 ಇದ್ದರೆ ಎಳೆಯುವುದು 333, ಬಿಸಿ 33 ವ್ಯಾಟ್ ಮಾತ್ರ. ದಕ್ಷತೆ ಏರಿದ್ದು ಹತ್ತೇ ಅಂಕ, ಶಾಖ ಇಳಿದದ್ದು ಅರ್ಧಕ್ಕಿಂತ ಹೆಚ್ಚು. ಶಾಖ ಅರ್ಧವಾದರೆ ಅರ್ಧ ಗಾಳಿ ಸಾಕು, ಅಂದರೆ ಫ್ಯಾನು ಅರ್ಧ ವೇಗದಲ್ಲಿ ತಿರುಗಿದರೆ ಸಾಕು. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಹತ್ತು ಡೆಸಿಬೆಲ್ ಇಳಿದರೇನೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳಿಸುತ್ತದೆ. ‘ಸೈಲೆಂಟ್ ಫ್ಯಾನ್’ ಎಂದು ಡಬ್ಬಿಯ ಮೇಲೆ ಬರೆದದ್ದಕ್ಕಿಂತ ದಕ್ಷತೆಯ ಮುದ್ರೆಯನ್ನು ನಂಬಬೇಕಾದದ್ದು ಇದಕ್ಕೇ.

ಆ ಮುದ್ರೆಯ ಹೆಸರು 80 ಪ್ಲಸ್. ಅಮೆರಿಕದಲ್ಲಿ 2004ರಲ್ಲಿ ಶುರುವಾದದ್ದು. ಕಾಲು ಭಾಗಕ್ಕಿಂತ ತುಸು ಕಡಿಮೆ, ಅರ್ಧ ಮತ್ತು ಪೂರ್ತಿ ಲೋಡಿನಲ್ಲಿ ಕನಿಷ್ಠ ಶೇ 80 ದಕ್ಷತೆ ಇರಬೇಕೆಂಬುದು ಮೊದಲ ನಿಯಮ. 2008ರಲ್ಲಿ ಬ್ರಾಂಜ್, ಸಿಲ್ವರ್, ಗೋಲ್ಡ್ ಸೇರಿದವು, ಮುಂದೆ ಪ್ಲಾಟಿನಂ, ಟೈಟಾನಿಯಂ. 115 ವೋಲ್ಟ್‌ನ ಪರೀಕ್ಷೆಯಲ್ಲಿ ಅರ್ಧ ಲೋಡಿಗೆ ಬ್ರಾಂಜ್ ಎಂದರೆ ಶೇ 85, ಗೋಲ್ಡ್ ಎಂದರೆ ಶೇ 90. ನಮ್ಮ ಫ್ರಿಜ್ಜಿಗೆ, ಸೀಲಿಂಗ್ ಫ್ಯಾನಿಗೆ ಬಿಇಇಯ ನಕ್ಷತ್ರಗಳಿರುವಂತೆ ಎಸ್‌ಎಂಪಿಎಸ್‌ಗೆ ನಮ್ಮದೇ ಗುರುತಿಲ್ಲ, ಇದನ್ನೇ ನೆಚ್ಚಬೇಕು. ನಮಗೊಂದು ಲಾಭವೂ ಇದೆ. 230 ವೋಲ್ಟ್‌ನಲ್ಲಿ ಅಷ್ಟೇ ಶಕ್ತಿಗೆ ಅರ್ಧ ಕರೆಂಟು ಹರಿದರೆ ಸಾಕಾದ್ದರಿಂದ ಅದೇ ಡಬ್ಬಿ ಇಲ್ಲಿ ಒಂದೆರಡು ಅಂಕ ಹೆಚ್ಚೇ ಗಳಿಸುತ್ತದೆ.

ಲಾಭ ಅಷ್ಟಕ್ಕೇ ಮುಗಿಯಿತು. 80 ಪ್ಲಸ್ ಪರೀಕ್ಷೆ ನಡೆಯುವುದು 23 ಡಿಗ್ರಿ ಆಸುಪಾಸಿನ ತಂಪು ಕೋಣೆಯಲ್ಲಿ. ಬೆಂಗಳೂರು 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡಿದೆ. ಶೀಟು ಹೊದಿಸಿದ ಮೇಲಂತಸ್ತಿನ ರೂಮಿನ ಮಾತು ಕೇಳುವುದೇ ಬೇಡ. ಜೊತೆಗೆ ನಾವಿರುವುದು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತಿರ ಹತ್ತಿರ ಶೇ 10ರಷ್ಟು ತೆಳು. ಅಷ್ಟೇ ವೇಗದಲ್ಲಿ ತಿರುಗುವ ಫ್ಯಾನು ಅಷ್ಟು ಕಡಿಮೆ ಗಾಳಿಯನ್ನು ಸಾಗಿಸುತ್ತದೆ. ಬಿಸಿ ಮೊದಲು ಕೊಲ್ಲುವುದು ಕೆಪಾಸಿಟರನ್ನು. ಅದರೊಳಗಿನ ದ್ರವ ಮೆಲ್ಲಗೆ ಆರುತ್ತದೆ. ಸುತ್ತಲಿನ ಶಾಖ 10 ಡಿಗ್ರಿ ಇಳಿದರೆ ಅದರ ಆಯುಸ್ಸು ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಅದಕ್ಕೇ 85 ಡಿಗ್ರಿಯ ಕೆಪಾಸಿಟರಿಗಿಂತ 105 ಡಿಗ್ರಿಯದು ಇರುವ ಡಬ್ಬಿ ಲೇಸು. ಕ್ಯಾಬಿನೆಟ್ಟನ್ನು ಬಾಗಿಲಿರುವ ಮರದ ಕಂಪ್ಯೂಟರ್ ಟೇಬಲ್ಲಿನೊಳಗೆ ಕೂರಿಸುವುದನ್ನಂತೂ ಇವತ್ತೇ ಬಿಡಿ.

ಈಗ ದುಡ್ಡಿನ ಮಾತು. ಯೂನಿಟ್ಟಿಗೆ ಆರು ರೂಪಾಯಿ ಎಂದು ಹಿಡಿಯೋಣ. 100 ವ್ಯಾಟ್ ಬೇಡುವ ಯಂತ್ರ ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 25 ದಿನ ಓಡುತ್ತದೆ. ಶೇ 70ರ ಬೇನಾಮಿ ಡಬ್ಬಿ ತೆಗೆದು ಶೇ 90ರದು ಹಾಕಿದರೆ ತಿಂಗಳಿಗೆ ಆರು ಯೂನಿಟ್ ಚಿಲ್ಲರೆ ಉಳಿತಾಯ, 38 ರೂಪಾಯಿ. ಬ್ರಾಂಜ್ ಬದಲು ಗೋಲ್ಡ್ ಹಾಕಿದರೆ ಉಳಿಯುವುದು ಎಂಟೇ ರೂಪಾಯಿ. ಗೋಲ್ಡ್ ಡಬ್ಬಿ ತನ್ನ ಬೆಲೆಯನ್ನು ಕರೆಂಟ್ ಬಿಲ್ಲಿನಲ್ಲೇ ತೀರಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮನೆಬಳಕೆಯಲ್ಲಿ ಅದು ಆಗುವ ಕೆಲಸವಲ್ಲ. ರಾಜ್ಯ ಸರಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ 200 ಯೂನಿಟ್ಟಿನ ಗೆರೆಯ ಮೇಲೆ ನಿಂತಿರುವ ಮನೆಗಳ ಮಾತು ಮಾತ್ರ ಬೇರೆ. ಗೆರೆ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಾದ್ದರಿಂದ ಅಲ್ಲಿ ಆ ಆರು ಯೂನಿಟ್ಟಿಗೂ ಬೆಲೆಯಿದೆ.

ಎಷ್ಟು ವ್ಯಾಟ್‌ನದು ತರಬೇಕು? ಇಲ್ಲಿ ಜನ ಎರಡು ತುದಿಗೂ ಹೋಗುತ್ತಾರೆ. ಗೇಮಿಂಗ್ ಹುಡುಗರು 850 ಎನ್ನುತ್ತಾರೆ. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡು ಬಳಸುವುದು 115 ವ್ಯಾಟ್. 65 ವ್ಯಾಟ್ ದರ್ಜೆಯ ಎಎಂಡಿ ಪ್ರೊಸೆಸರು ಗರಿಷ್ಠ 88. ಬೋರ್ಡು, ಡಿಸ್ಕು, ಫ್ಯಾನುಗಳಿಗೆ ಇನ್ನೊಂದು ಐವತ್ತು ಸೇರಿಸಿದರೂ 250 ವ್ಯಾಟ್ ಸುತ್ತಮುತ್ತ. 550ರ ಡಬ್ಬಿಗೆ ಇದು ಹೆಚ್ಚುಕಡಿಮೆ ಅರ್ಧ ಲೋಡು, ಅದು ಅತ್ಯಂತ ಚೆನ್ನಾಗಿ ಕೆಲಸ ಮಾಡುವ ಜಾಗ. ಡಿಟಿಪಿ, ಟ್ಯಾಲಿ, ಬ್ರೌಸಿಂಗ್‌ನ ಯಂತ್ರ ಸುಮ್ಮನಿರುವಾಗ 40–50 ವ್ಯಾಟ್ ಬಳಸುತ್ತದೆ. 850ರ ಡಬ್ಬಿಗೆ ಅದು ಶೇ 5–6. ಅಷ್ಟು ಕೆಳಗೆ ಬ್ರಾಂಜ್, ಗೋಲ್ಡ್ ಮುದ್ರೆಗಳ ಪರೀಕ್ಷೆಯೇ ಇಲ್ಲ, ಟೈಟಾನಿಯಂನಲ್ಲಿ ಮಾತ್ರ ಶೇ 10ರ ಲೋಡನ್ನು ನೋಡುತ್ತಾರೆ.

ಇನ್ನೊಂದು ತುದಿಯಲ್ಲಿರುವುದು ಕ್ಯಾಬಿನೆಟ್ ಜೊತೆಗೇ ಬರುವ ‘450 ವ್ಯಾಟ್’ ಡಬ್ಬಿ. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಅದನ್ನು ತಿರುಗಿಸಿ ಲೇಬಲ್ ಓದಿ. 12 ವೋಲ್ಟ್‌ನ ಮುಂದೆ 16 ಆಂಪಿಯರ್ ಎಂದಿದ್ದರೆ ಗುಣಿಸಿ, 192 ವ್ಯಾಟ್. ಇಂದಿನ ಕಂಪ್ಯೂಟರ್ ತನಗೆ ಬೇಕಾದದ್ದನ್ನು ಬಹುಪಾಲು 12 ವೋಲ್ಟ್‌ನಲ್ಲೇ ಪಡೆಯುವುದರಿಂದ ಆ ಡಬ್ಬಿಯ ನಿಜವಾದ ತಾಕತ್ತು ಅಷ್ಟೇ. ಒಳ್ಳೆಯ 550 ವ್ಯಾಟ್‌ನ ಡಬ್ಬಿಯಲ್ಲಿ ಅಲ್ಲಿ 45 ಆಂಪಿಯರ್ ಆಸುಪಾಸು ಇರುತ್ತದೆ. ಲೇಬಲ್ ಓದಲು ಬಿಡದ ಅಂಗಡಿಯಿಂದ ಎದ್ದು ಬನ್ನಿ. ದುಡ್ಡು ತೀರಾ ಬಿಗಿಯಿದ್ದರೆ, ಐಟಿ ಆಫೀಸುಗಳಿಂದ ಬಂದ ಬ್ರಾಂಡೆಡ್ ಡೆಸ್ಕ್‌ಟಾಪ್‌ಗಳನ್ನೂ ನೋಡಿ. 2007ರ ಜುಲೈನಿಂದ ಎನರ್ಜಿ ಸ್ಟಾರ್ ಮುದ್ರೆ ಬೇಕಿದ್ದ ಕಂಪ್ಯೂಟರಿಗೆ ಶೇ 80ರ ಎಸ್‌ಎಂಪಿಎಸ್ ಕಡ್ಡಾಯವಾಯಿತು. ಹಾಗಾಗಿ ಆ ಹಳೆಯ ಪೆಟ್ಟಿಗೆಗಳ ಎಸ್‌ಎಂಪಿಎಸ್ ಎಷ್ಟೋ ಸಲ ಹೊಸ ಬೇನಾಮಿ ಡಬ್ಬಿಗಿಂತ ಮೇಲು. ಕೆಟ್ಟರೆ ಅದೇ ಆಕಾರದ್ದು ಹುಡುಕಬೇಕು, ಅದೊಂದು ತೊಡಕು.

ಸದ್ದಿಗೂ ಒಂದು ಮುದ್ರೆ ಇದೆ. ಸೈಪ್ರಸ್‌ನ ಸೈಬೆನೆಟಿಕ್ಸ್ ಪ್ರಯೋಗಾಲಯ ಕೊಡುವ ಲ್ಯಾಂಬ್ಡಾ ದರ್ಜೆ. ಅದರಲ್ಲಿ ಅತ್ಯುತ್ತಮವಾದದ್ದು 15 ಡೆಸಿಬೆಲ್‌ಗೂ ಕೆಳಗೆ. ಲಗ್ಗೆರೆಗೆ ಅದು ಬೇಕೇ? ಕೇಂದ್ರ ಸರಕಾರದ 2000ದ ಶಬ್ದ ನಿಯಮಗಳು ವಸತಿ ಪ್ರದೇಶದ ರಾತ್ರಿಗೆ ಹಾಕಿದ ಮಿತಿಯೇ 45 ಡೆಸಿಬೆಲ್. ಮೇಲೆ ಸೀಲಿಂಗ್ ಫ್ಯಾನು ತಿರುಗುತ್ತಿರುವ ರೂಮಿನಲ್ಲಿ 25ಕ್ಕೂ 15ಕ್ಕೂ ವ್ಯತ್ಯಾಸ ಹುಡುಕುವುದು ವ್ಯರ್ಥ. 120 ಮಿಲಿಮೀಟರ್ ಅಥವಾ ಅದಕ್ಕೂ ದೊಡ್ಡ ಫ್ಯಾನು, ದ್ರವದ ಬೇರಿಂಗ್, 30 ಡೆಸಿಬೆಲ್ ಒಳಗಿನ ಸದ್ದು, ಇಷ್ಟಿದ್ದರೆ ಧಾರಾಳವಾಯಿತು. ಫ್ಯಾನು ನಿಂತಿರುವಾಗಲೂ ಸೊಳ್ಳೆಯಂಥ ಕಿರುದನಿ ಬಂದರೆ ಅದು ಕಾಯಿಲ್ ಕಂಪಿಸುವ ಸದ್ದು. ಅಪಾಯವಿಲ್ಲ, ಆದರೆ ವಾರಂಟಿಯಲ್ಲಿ ಬದಲಿಸಿಕೊಡಿ ಎಂದು ಕೇಳಿ ನೋಡಲು ಅಡ್ಡಿಯಿಲ್ಲ. ಅದನ್ನು ಹುಡುಕಿಕೊಂಡು ಡಬ್ಬಿಯ ಮುಚ್ಚಳ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಆ ದಪ್ಪ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು.

ಅದೇ ಕೆಪಾಸಿಟರೇ ಕರೆಂಟು ಹೋದ ಕ್ಷಣದಲ್ಲಿ ಯಂತ್ರವನ್ನು ಹಿಡಿದು ನಿಲ್ಲಿಸುವುದೂ ಹೌದು, ಸುಮಾರು 16–17 ಮಿಲಿಸೆಕೆಂಡ್. ಮನೆಯ ಇನ್ವರ್ಟರ್ ‘ಯುಪಿಎಸ್’ ಮೋಡಿನಲ್ಲಿದ್ದರೆ ಅಷ್ಟರೊಳಗೆ ಬ್ಯಾಟರಿಗೆ ಹೊರಳುತ್ತದೆ. ‘ನಾರ್ಮಲ್’ ಮೋಡಿನಲ್ಲಿದ್ದರೆ ತಡಮಾಡುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಗುಂಡಿ ಬದಲಿಸಿ ನೋಡದೆ ಎಸ್‌ಎಂಪಿಎಸ್ ಬದಲಿಸಿದವರು ಎಷ್ಟು ಮಂದಿಯೋ. ಸೈನ್ ವೇವ್ ಅಲ್ಲದ ಅಗ್ಗದ ಯುಪಿಎಸ್‌ಗಳ ಜೊತೆ ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳು ಮುನಿಸಿಕೊಳ್ಳುವುದೂ ಉಂಟು. ಕೊಳ್ಳುವ ಮುನ್ನ ಕೇಳಿಕೊಳ್ಳಿ.

ಹಾಗಾದರೆ ತೀರ್ಪು: ಗ್ರಾಫಿಕ್ಸ್ ಕಾರ್ಡಿಲ್ಲದ ಮನೆ ಯಂತ್ರಕ್ಕೆ 450ರ ಬ್ರಾಂಜ್, ಕಾರ್ಡಿದ್ದು ರಾತ್ರಿಯೆಲ್ಲ ದುಡಿಯುವ ಯಂತ್ರಕ್ಕೆ 550–650ರ ಗೋಲ್ಡ್. ಇದಕ್ಕಿಂತ ಮೇಲಿನದು ಈ ಕೆಲಸಗಳಿಗೆ ಶೋಕಿ.

ಅದಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ, ಟೆಸ್ಟರ್ ಇಟ್ಟಾಗ ದೀಪ ಹತ್ತಿದರೆ, ಬಹುಮಟ್ಟಿಗೆ ಎಸ್‌ಎಂಪಿಎಸ್‌ನ ತಪ್ಪಲ್ಲ. ಅದರೊಳಗಿನ ಫಿಲ್ಟರ್ ಕೆಪಾಸಿಟರುಗಳು ಅಡ್ಡಾದಿಡ್ಡಿ ಕರೆಂಟನ್ನು ಅರ್ತ್ ತಂತಿಗೆ ಇಳಿಸಬೇಕು. ಆ ತಂತಿ ಗೋಡೆಯೊಳಗೆ ಇಲ್ಲದಿದ್ದರೆ ಕ್ಯಾಬಿನೆಟ್ಟೇ ಅರ್ಧ ವೋಲ್ಟೇಜಿನಲ್ಲಿ, ಸುಮಾರು 115 ವೋಲ್ಟ್‌ನಲ್ಲಿ, ನಿಲ್ಲುತ್ತದೆ. ಕರೆಂಟು ಅತ್ಯಲ್ಪ, ಜುಮ್ಮೆನ್ನಿಸಿ ಬಿಡುತ್ತದೆ. ಆದರೆ ನಾಳೆ ಒಳಗೆ ನಿಜವಾದ ಶಾರ್ಟ್ ಆದರೆ ಇಳಿಯಲು ಅದಕ್ಕೆ ಬೇರೆ ದಾರಿಯೇ ಇರುವುದಿಲ್ಲ. ಮೂರು ಪಿನ್ನಿನ ಸಾಕೆಟ್ ಇದೆಯೆಂದ ಮಾತ್ರಕ್ಕೆ ಅದರ ಹಿಂದೆ ಮೂರನೆಯ ತಂತಿ ಇದೆ ಎಂದಲ್ಲ. ಬಾಡಿಗೆಗೆ ಮನೆ ಕೊಟ್ಟಿರುವ ಮಾಲೀಕರೇ, ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ನಿಮ್ಮ ಸಾಕೆಟ್ಟುಗಳ ಅರ್ತಿಂಗ್ ಒಮ್ಮೆ ನೋಡಿಸಿ. ಬಾಡಿಗೆದಾರರೇ, ಅವರು ನೋಡಿಸುವ ತನಕ ಕೇಳುತ್ತಲೇ ಇರಿ.