ಅಂಚು ಬಿಟ್ಟು ಎರಡಡಿ ಒಳಗೆ

ಚಾಮರಾಜನಗರ ಜಿಲ್ಲೆಯ ಒಡೆಯರಪಾಳ್ಯ, ಲೊಕ್ಕನಹಳ್ಳಿ, ಹನೂರು ಕಡೆಯ ರಸ್ತೆಗಳಲ್ಲಿ ಡಾಂಬರು ಮುಗಿಯುವ ಜಾಗವನ್ನು ಒಮ್ಮೆ ನಿಂತು ನೋಡಬೇಕು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗಿದೆ, ಪಕ್ಕದ ಮಣ್ಣು ಮಳೆಗೆ ಕೊಚ್ಚಿಹೋಗಿ ತಗ್ಗಾಗಿದೆ. ಹಿಂದಿನಿಂದ ಟಿಪ್ಪರ್ ಹಾರನ್ ಒತ್ತಿಕೊಂಡೇ ಬಂದಾಗ ಸೈಕಲ್ಲಿನ ಹುಡುಗ ಹೆದರಿ ಮುಂಚಕ್ರವನ್ನು ಆ ತಗ್ಗಿಗೆ ಇಳಿಸುತ್ತಾನೆ. ಟಿಪ್ಪರ್ ಹೋಯಿತೆಂದು ಮತ್ತೆ ಮೇಲೆ ಹತ್ತಿಸುವಾಗ ಚಕ್ರ ಡಾಂಬರಿನ ಅಂಚಿಗೆ ಉಜ್ಜುತ್ತದೆ, ಹ್ಯಾಂಡಲ್ ತಿರುಗುತ್ತದೆ, ಹುಡುಗ ರಸ್ತೆಯ ಕಡೆಗೇ ಬೀಳುತ್ತಾನೆ. ಟಿಪ್ಪರ್ ಹಿಂದೆ ಇನ್ನೊಂದು ಗಾಡಿ ಇದ್ದರೆ ಮುಗಿಯಿತು. ತಾಗಿದ್ದು ಎರಡನೆಯ ಗಾಡಿ, ಬೀಳಿಸಿದ್ದು ಮೊದಲನೆಯ ಗಾಡಿಯ ಹಾರನ್. ಪೊಲೀಸ್ ದೂರಿನಲ್ಲಿ ಹಾರನ್ನಿನ ಸುದ್ದಿಯೇ ಇರುವುದಿಲ್ಲ.

ಅಂಚಿಗೆ ಗ್ರಾವೆಲ್ ತುಂಬಿ ಸಮ ಮಾಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಗ್ರಾಮಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಬೇಕು.

ಈ ರಸ್ತೆಗಳಲ್ಲಿ ಸೈಕಲ್ ತುಳಿಯುವವರು ಯಾರು? ಶನಿವಾರ, ಭಾನುವಾರ ಹೆಲ್ಮೆಟ್ ಹಾಕಿಕೊಂಡು ಬೆಂಗಳೂರು, ಮೈಸೂರಿನಿಂದ ಬರುವವರನ್ನು ಎಲ್ಲರೂ ಗಮನಿಸುತ್ತಾರೆ. ಉಳಿದ ದಿನ ಡೇರಿಗೆ ಹಾಲು ಹಾಕುವವರು, ಹುಲ್ಲಿನ ಹೊರೆ ಕಟ್ಟಿಕೊಂಡವರು, ಕೂಲಿಗೆ ಹೋಗುವವರು, ಶಾಲೆಯ ಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲು ಬಿಡದಂತೆ ತಡೆದ ಒಳ್ಳೆಯ ಯೋಜನೆಯದು. ಕೊರೊನಾ ಕಾಲದಲ್ಲಿ ನಿಂತುಹೋಯಿತು. ಸೈಕಲ್ ಕೊಟ್ಟ ಆ ವರ್ಷಗಳಲ್ಲಾದರೂ ಮಕ್ಕಳಿಗೆ ರಸ್ತೆಯಲ್ಲಿ ಜಾಗ ಕೊಟ್ಟೆವೇ? ಸುಗ್ಗಿಯಲ್ಲಿ ಡಾಂಬರಿನ ಮೇಲೆ ಹುರುಳಿ, ರಾಗಿ ಹರಡುತ್ತೇವೆ, ಮುಸುಕಿನ ಜೋಳ ಒಣಗಿಸುತ್ತೇವೆ. ಅರ್ಧ ರಸ್ತೆ ಕಣವಾದರೆ ಉಳಿದರ್ಧದಲ್ಲಿ ಮಗು ಲಾರಿಯ ಜೊತೆ ಹೋಗಬೇಕು.

ಗಾಡಿಗಳೇನು ಕಡಿಮೆಯಿಲ್ಲ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್, ಮಾದಪ್ಪನ ಬೆಟ್ಟಕ್ಕೆ ಹೋಗುವ ವ್ಯಾನು, ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪ್ ನೋಡಲು ಬರುವ ಕಾರು. ಅಮಾವಾಸ್ಯೆ, ಕಾರ್ತಿಕ ಸೋಮವಾರ, ಶಿವರಾತ್ರಿ ಬಂದರಂತೂ ಹನೂರು ದಾಟುವುದೇ ಕಷ್ಟ. ಸಾಲದ್ದಕ್ಕೆ ಕಾಡಂಚಿನಲ್ಲಿ ಸಂಜೆಯ ಹೊತ್ತು. ಆನೆ ಬರುವ ಮುಂಚೆ ಕಾಡು ದಾಟಬೇಕೆಂದು ಡ್ರೈವರ್ ಅವಸರಪಡುತ್ತಾನೆ, ಅದೇ ಭಯಕ್ಕೆ ಸೈಕಲ್ಲಿನವನೂ ಜೋರಾಗಿ ತುಳಿಯುತ್ತಾನೆ. ದಿನದಲ್ಲಿ ಅದಕ್ಕಿಂತ ಕೆಟ್ಟ ಹೊತ್ತಿಲ್ಲ.

ದೊಡ್ಡ ಗಾಡಿಗೆ ಚಿಕ್ಕದು ದಾರಿ ಬಿಡಬೇಕೆಂದು ನಮ್ಮಲ್ಲಿ ಎಲ್ಲರೂ ನಂಬಿದ್ದಾರೆ. ಬಿಡದಿದ್ದರೆ ಕಿಟಕಿಯಿಂದ ತಲೆ ಹಾಕಿ, ‘ಏನ್ಲಾ, ಮನೇಲಿ ಹೇಳ್ಬುಟ್ ಬಂದಿದ್ದೀಯಾ?’ ಕಾನೂನಿನಲ್ಲಿ ಅಂಥದ್ದೊಂದು ನಿಯಮ ಇಲ್ಲವೇ ಇಲ್ಲ. ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆಯನ್ನು ಅಪರಾಧವೆನ್ನುತ್ತದೆ. 2019ರ ತಿದ್ದುಪಡಿಯಾದ ಮೇಲೆ ನಿಯಮ ಮೀರಿ ಓವರ್‌ಟೇಕ್ ಮಾಡುವುದೂ ಅದರೊಳಗೇ ಬಂದಿದೆ. ಜರ್ಮನಿಯಲ್ಲಿ 2020ರಿಂದ ಅಳತೆಯನ್ನೇ ಬರೆದಿಟ್ಟಿದ್ದಾರೆ: ಸೈಕಲ್ ದಾಟುವಾಗ ಊರೊಳಗೆ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್ ಅಂತರ ಬಿಡಬೇಕು. ಎರಡು ಮೀಟರ್ ಎಂದರೆ ನಮ್ಮ ಲೆಕ್ಕದಲ್ಲಿ ಒಂದು ಮಾರಿಗಿಂತ ತುಸು ಹೆಚ್ಚು. ಅಷ್ಟು ಜಾಗವಿಲ್ಲದಿದ್ದರೆ ಹಿಂದೆಯೇ ಕಾಯಬೇಕು. ಒಡೆಯರಪಾಳ್ಯದ ರಸ್ತೆಯಲ್ಲಿ ಕಾಯಬೇಕಾದದ್ದು ಮುಂದಿನ ತಿರುವಿನವರೆಗೆ, ಅಷ್ಟೇ.

ತುಳಿಯುವವರು ಮಾಡಬೇಕಾದ್ದೂ ಇದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅಂಚಿಗೆ ಅಂಟಿಕೊಳ್ಳದಿರುವುದು. ಎಡಕ್ಕೇ ಇರಿ, ಆದರೆ ಡಾಂಬರಿನ ತುದಿಯಿಂದ ಎರಡಡಿ ಒಳಗೆ. ತೀರಾ ಅಂಚಿಗೆ ಹೋದರೆ, ಎದುರಿಂದ ಬಸ್ಸು ಬರುತ್ತಿದ್ದರೂ ಹಿಂದಿನವನಿಗೆ ನುಗ್ಗುವ ಆಸೆ ಹುಟ್ಟುತ್ತದೆ. ಎರಡಡಿ ಒಳಗಿದ್ದರೆ ಅವನು ನಿಧಾನ ಮಾಡಲೇಬೇಕು, ನಿಮಗೂ ಎಡಕ್ಕೆ ಸರಿಯಲು ಒಂದಿಷ್ಟು ಜಾಗ ಉಳಿದಿರುತ್ತದೆ. ತಿರುವಿನಲ್ಲಿ ಇದನ್ನು ಮರೆಯಲೇಬಾರದು. ಗಂಟೆಗೆ 60 ಕಿ.ಮೀ. ವೇಗದ ಲಾರಿ ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ಬರುತ್ತದೆ, 15 ಕಿ.ಮೀ. ವೇಗದ ಸೈಕಲ್ ನಾಲ್ಕು ಮೀಟರ್ ಹೋಗುತ್ತದೆ. ಐವತ್ತು ಮೀಟರ್ ಹಿಂದೆ ಕಂಡ ಲಾರಿ ನಾಲ್ಕೇ ಸೆಕೆಂಡಿನಲ್ಲಿ ಬೆನ್ನಿಗಿರುತ್ತದೆ. ಅದರ ಡ್ರೈವರಿಗೆ ನೀವು ಮೊದಲೇ ಕಾಣಬೇಕು. ಹಿಂದೆ ಕೆಂಪು ದೀಪವಿರಲಿ, ಅದಾಗದಿದ್ದರೆ ಕೆಂಪು ರೇಡಿಯಂ ಸ್ಟಿಕ್ಕರಾದರೂ ಇರಲಿ. ಬಲಕ್ಕೆ ತಿರುಗುವಾಗ ಹಿಂದೆ ನೋಡಿ, ಕೈ ಚಾಚಿ. ಕಿವಿಗೆ ಇಯರ್‌ಫೋನ್ ಬೇಡ.

ಬೈದರೆ ತಿರುಗಿ ಬೈಯಬೇಡಿ. ಅವಮಾನ ನುಂಗುವುದು ಸುಲಭವಲ್ಲ, ಗೊತ್ತು. ಆದರೆ ರೇಗಿದವನ ಕೈಯಲ್ಲಿ ಹತ್ತಾರು ಟನ್ನಿನ ಗಾಡಿಯಿದೆ. ಸೈಕಲ್ ನಿಲ್ಲಿಸಿ, ಇಳಿದು ರಸ್ತೆ ಬಿಟ್ಟು ಪಕ್ಕಕ್ಕೆ ಹೋಗಿ, ನಂಬರ್ ಮನಸ್ಸಿನಲ್ಲಿಟ್ಟುಕೊಳ್ಳಿ. ಬೇಕೆಂದೇ ಅಡ್ಡ ಬಂದರೆ, ಬೆದರಿಸಿದರೆ 112ಕ್ಕೆ ಕರೆ ಮಾಡಿ. ನಮ್ಮ ಕಡೆ ಟಿಪ್ಪರ್, ಟ್ರ್ಯಾಕ್ಟರುಗಳ ಮಾಲೀಕರು ಎಲ್ಲರಿಗೂ ಪರಿಚಯದವರೇ. ಊರಿನ ನಾಲ್ಕು ಜನ ಹೋಗಿ, ‘ನಿಮ್ಮ ಡ್ರೈವರ್ ಮಕ್ಕಳ ಪಕ್ಕದಲ್ಲಿ ಹೀಗೆ ಓಡಿಸುತ್ತಾನೆ’ ಎಂದು ಮುಖ ನೋಡಿ ಹೇಳಬೇಕು. ಮಾಲೀಕನ ಮಕ್ಕಳೂ ಅದೇ ರಸ್ತೆಯಲ್ಲಿ ಓಡಾಡುವವರು.

ಗುದ್ದಿ ಓಡಿಹೋದ ಗಾಡಿಯ ಗುರುತು ಸಿಗದಿದ್ದರೂ ಸುಮ್ಮನೆ ಕೂರಬೇಕಾಗಿಲ್ಲ. 2022ರ ಏಪ್ರಿಲ್‌ನಿಂದ ಇಂಥ ಪ್ರಕರಣಗಳಲ್ಲಿ ಸತ್ತವರ ಕುಟುಂಬಕ್ಕೆ ಎರಡು ಲಕ್ಷ, ತೀವ್ರ ಗಾಯವಾದವರಿಗೆ 50 ಸಾವಿರ ರೂಪಾಯಿ ಪರಿಹಾರವಿದೆ. ಅರ್ಜಿಯನ್ನು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಮಟ್ಟದಲ್ಲಿ ವಿಚಾರಿಸುತ್ತಾರೆ. ಆದ್ದರಿಂದ ‘ಗಾಡಿಯೇ ಸಿಕ್ಕಿಲ್ಲ, ಯಾರ ಮೇಲೆ ದೂರು ಕೊಡೋದು’ ಎಂದು ಕೈಬಿಡದೆ, ಆಸ್ಪತ್ರೆಯಿಂದ ನೇರವಾಗಿ ಠಾಣೆಗೆ ಹೋಗಿ ದೂರು ಬರೆಸಿ, ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ.